ಮಲಗಮ್ಮ ಎದ್ದ ದಿನ

ಹನ್ನೊಂದು ವರ್ಷ ಒಬ್ಬ ಹೆಂಗಸನ್ನು ಹಾಸಿಗೆಯ ಮೇಲೆ ಮಲಗಿಸಿಟ್ಟು, ಏಳುವ ಹೊತ್ತು ಬಂದಾಗ ಬೇರೆಯವಳನ್ನು ಎಬ್ಬಿಸುವವರಿಗೆ ಏನೆನ್ನಬೇಕು? ಬಾಯಿಗೆ ಬರುವ ಮಾತುಗಳು ಅಚ್ಚಿಗೆ ಯೋಗ್ಯವಾದವಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುವುದೇ ಮೇಲು. ಕೇಳಿದವರು ಬೈಗುಳವನ್ನು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಆರಿಸಿಕೊಳ್ಳಲಿ.

ಅವಳನ್ನು ಮಲಗಮ್ಮ ಎಂದು ಕರೆದದ್ದು ಶೂಟಿಂಗ್ ಮನೆಯವರು. ಹೆತ್ತವರು ಇಟ್ಟ ಚೆಂದದ ಹೆಸರೊಂದಿತ್ತು, ಆದರೆ ಅಲ್ಲಿ ಅದನ್ನು ಕೇಳಿದವರು ಯಾರು? ಧಾರಾವಾಹಿಯಲ್ಲಿ ಅವಳದು ಶ್ರೀಮಂತ ಮನೆಯೊಂದರ ಹಿರಿಯ ಸೊಸೆಯ ಪಾತ್ರ. ಚಿಕ್ಕವರು ದೊಡ್ಡವರು ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ದೊಡ್ಡಮ್ಮ ಮೆಟ್ಟಿಲಿನಿಂದ ಬಿದ್ದು ಕೋಮಾಕ್ಕೆ ಹೋಗಿದ್ದಳು, ಹೋದವಳು ವಾಪಸು ಬಂದಿರಲಿಲ್ಲ. ಹಾಗಾಗಿ ಬೆಳಿಗ್ಗೆ ಬಂದು ಮಲಗುವುದು, ಸಂಜೆ ಎದ್ದು ಮನೆಗೆ ಹೋಗುವುದು, ಇಷ್ಟೇ ಅವಳ ಉದ್ಯೋಗ. ಲೈಟು ಹೊರುವವರು ಸಲಿಗೆಯಿಂದ ಮಲಗಮ್ಮ ಅಂದರು, ಹೆಸರು ಅಂಟಿಕೊಂಡಿತು. ಅವಳ ಅತ್ತೆಗೆ ಮಾತ್ರ ಅದನ್ನು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

"ಬೆಳಗ್ಗೆ ಎದ್ದು ನೀರು ಹಿಡಿಯೋಳು ಇವಳು, ಬಟ್ಟೆ ಒಗೆಯೋಳು ಇವಳು, ಅಡುಗೆ ಮಾಡಿಟ್ಟು ಓಡೋಳು ಇವಳು. ಮಲಗಮ್ಮ ಅಂತೆ! ಮಲಗೋರು ಅವರ ಮನೆಯೋರು!"

ಅತ್ತೆಯ ಸಿಟ್ಟಿಗೆ ಕಾರಣವಿತ್ತು. ಈ ಸೊಸೆಯನ್ನು ಅವರು ಮನೆಗೆ ತಂದುಕೊಂಡದ್ದೇ ದನಿ ಕೇಳಿ.

ಮಲಗುವ ಉದ್ಯೋಗಕ್ಕೆ ಮೊದಲು ಅವಳು ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದಳು. ಗಾಜಿನ ಗೂಡಿನಂಥ ಕೋಣೆ, ಎದುರಿಗೆ ಒಂದು ಮೈಕು, ಪಕ್ಕದಲ್ಲಿ ಆರಿಹೋದ ಟೀ. 'ಪ್ರಯಾಣಿಕರ ಗಮನಕ್ಕೆ' ಎಂದು ಅವಳು ಶುರು ಮಾಡಿದರೆ ಸೀಟಿಗಾಗಿ ಕಿತ್ತಾಡುತ್ತಿದ್ದವರೂ ಕಿತ್ತಾಟ ನಿಲ್ಲಿಸಿ ಕಿವಿಗೊಡುತ್ತಿದ್ದರು. ಜನಸಂದಣಿಯಲ್ಲಿ ಮಗುವಿನ ಕೈ ತಪ್ಪಿದ ತಾಯಂದಿರಿಗೆ ಆ ದನಿ ಕೇಳಿದರೆ ಹೋದ ಜೀವ ಬಂದ ಹಾಗಾಗುತ್ತಿತ್ತು. ಬಸ್ಸು ತಡ ಎಂಬ ಸುದ್ದಿಯನ್ನೂ ಅವಳು ಹೇಳಿದರೆ ಜನ ಗೊಣಗದೆ ಕಾಯುತ್ತಿದ್ದರು. ಅದೇ ನಿಲ್ದಾಣಕ್ಕೆ ಬರುವ ಬಸ್ಸೊಂದರ ಡ್ರೈವರು ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಆ ದನಿಯ ಮಾತನ್ನೇ ಎತ್ತುತ್ತಿದ್ದ. ಅವನ ತಾಯಿ ಒಂದು ದಿನ, ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ, ಬಂದು ನಿಲ್ದಾಣದ ಬೆಂಚಿನ ಮೇಲೆ ಕೂತು ಮಧ್ಯಾಹ್ನದವರೆಗೆ ಕೇಳಿದರು. ಮನೆಗೆ ಹೋಗಿ ಮಗನಿಗೆ, "ಈ ದನಿ ನಮ್ಮನೇಲಿ ಇರಲಿ ಕಣೋ" ಅಂದರು. ಮುಖ ನೋಡಿದ್ದು ಆಮೇಲೆ.

ದನಿ ಮನೆಗೆ ಬಂತು. ಕೆಲವು ವರ್ಷಗಳ ಮೇಲೆ ಮಗ ಸ್ಟೀರಿಂಗ್ ಮುಂದೆಯೇ ಎದೆ ಹಿಡಿದುಕೊಂಡು ಕುಸಿದು ಹೋದ. ಅತ್ತೆ ಸೊಸೆ ಇಬ್ಬರೇ ಉಳಿದರು. ಅದರ ಬೆನ್ನಿಗೇ ನಿಲ್ದಾಣಕ್ಕೆ ಮಾತಾಡುವ ಯಂತ್ರ ಬಂತು. ಅದಕ್ಕೆ ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬ ಗೊಡವೆಯಿಲ್ಲ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ಕಟ್ಟಿದವರು ಈ ಯಂತ್ರವನ್ನು ನೋಡಿರಲಿಲ್ಲ. ಗಾಜಿನ ಗೂಡಿಗೆ ಬೀಗ ಬಿತ್ತು.

ಆಗ ಪಕ್ಕದ ಮನೆಯ ಬಡಗಿ ಬಂದ. ಧಾರಾವಾಹಿಯವರಿಗೆ ಹಲಗೆಯ ಗೋಡೆ, ಸುಳ್ಳು ಬಾಗಿಲು ಮಾಡಿಕೊಡುವುದು ಅವನ ಕಸುಬು. "ಅಕ್ಕಾ, ಮೆಟ್ಟಿಲಿಂದ ಉರುಳೋಕೆ ಒಬ್ರು ಬೇಕಂತೆ. ಕೆಳಗೆ ಮೆತ್ತಗಿರೋದು ಏನಾದ್ರೂ ಹಾಸಿರ್ತಾರೆ. ಒಂದೆರಡು ದಿನದ ಕೆಲಸ, ಬರ್ತೀರಾ?"

ಅವಳು ಹೋದಳು, ಉರುಳಿದಳು.

ಉರುಳಿದ್ದು ಯಾಕೆಂದರೆ ಧಾರಾವಾಹಿಯ ಕಥೆ ಹಾಗಿತ್ತು. ದೊಡ್ಡ ಮನೆಯ ನಡುವಿನ ಸೊಸೆಗೆ ಗಂಡು ಮಗು ಹುಟ್ಟುತ್ತದೆ. ಆಸ್ತಿಯ ಆಸೆಗೆ ಮೈದುನ ಆ ಕೂಸನ್ನು ಕದ್ದು ಸಾಗಿಸಿ, ತೊಟ್ಟಿಲಲ್ಲಿ ತನ್ನ ಗುಟ್ಟಿನ ಕೂಸನ್ನು ಮಲಗಿಸುತ್ತಾನೆ. ಬಾಗಿಲ ಸಂದಿಯಿಂದ ಅದನ್ನು ಕಂಡವಳು ದೊಡ್ಡಮ್ಮ ಒಬ್ಬಳೇ. ಎಲ್ಲರಿಗೂ ಹೇಳಿಬಿಡಲು ಓಡಿದವಳನ್ನು ಅವನು ಮೆಟ್ಟಿಲಿಂದ ನೂಕುತ್ತಾನೆ. ಅಲ್ಲಿಗೇ ಅವಳನ್ನು ಸಾಯಿಸಬೇಕೆಂದಿದ್ದರಂತೆ. ಆದರೆ ಮಾರನೆಯ ದಿನದಿಂದಲೇ ಜನ 'ದೊಡ್ಡಮ್ಮ ಏಳ್ತಾಳಾ?' ಎಂದು ಬೀದಿ ಬೀದಿಯಲ್ಲಿ ಕೇಳತೊಡಗಿದರು. ಬಂಗಾರದ ಮೊಟ್ಟೆ ಇಡುವ ಪ್ರಶ್ನೆಗೆ ಯಾರಾದರೂ ಉತ್ತರ ಕೊಡುತ್ತಾರೆಯೇ? ಮಲಗಿಸಿಯೇ ಇಟ್ಟರು. ಕಥೆಯಲ್ಲಿ ಕಾಲ ಓಡಿತು. ಕದ್ದ ಕೂಸಿಗೂ ಮೀಸೆ ಬಂತು, ಮಲಗಿಸಿದ ಕೂಸಿಗೂ ಮೀಸೆ ಬಂತು, ಇಬ್ಬರೂ ಒಬ್ಬಳೇ ಹುಡುಗಿಯ ಹಿಂದೆ ಬಿದ್ದರು. ದೊಡ್ಡಮ್ಮ ಮಾತ್ರ ಅದೇ ಬಿಳಿ ಹೊದಿಕೆಯ ಕೆಳಗೆ.

ಮಲಗುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಮ್ಮೆ ಮಲಗಿ ನೋಡಬೇಕು. ಮೂಗಿನ ತುದಿಗೆ ನೊಣ ಕೂತರೂ ಕೊಡವುವಂತಿಲ್ಲ. ನೆತ್ತಿಯ ಮೇಲೆ ದೀಪಗಳು ಬೇಯಿಸುತ್ತಿರುತ್ತವೆ, ಬೆನ್ನು ಬೆವರಿನಲ್ಲಿ ನೆನೆಯುತ್ತದೆ, ಸೀನು ಬಂದರೆ ಗಂಟಲಲ್ಲೇ ನುಂಗಬೇಕು. ಒಂದೇ ಒಂದು ಸಲ ಅವಳು ನಿಜವಾಗಿ ನಿದ್ದೆ ಹೋಗಿ ಗೊರಕೆ ಹೊಡೆದಿದ್ದಳು, ಅದೂ ಮೈದುನ ಕಣ್ಣೀರಿಟ್ಟು ಪಾಪ ಒಪ್ಪಿಕೊಳ್ಳುತ್ತಿದ್ದಾಗ. ಗೊರಕೆಯನ್ನು ಕಿತ್ತು ಅಲ್ಲಿ ಪಿಟೀಲು ಹಾಕಿದರು. ಜನ ಆ ಪಿಟೀಲಿಗೆ ಅತ್ತರಂತೆ.

ಮಾಸ್ಕಿನದು ಬೇರೆಯೇ ಕಥೆ. ಮೊದಮೊದಲು ಅವಳ ಮುಖ ಬರಿದಾಗಿಯೇ ಇತ್ತು. ಆದರೆ ಪಾತ್ರಗಳು ಹಾಸಿಗೆಯ ಪಕ್ಕ ಕೂತು ಮಾತಾಡುವಾಗ ಅವಳ ತುಟಿ ಸಣ್ಣಗೆ ಮಿಡುಕುತ್ತಿತ್ತು. ಉತ್ತರ ಕೊಡುವ ಬಾಯಿ, ಸುಮ್ಮನಿರೆಂದರೆ ಹೇಗಿದ್ದೀತು? ನಿರ್ದೇಶಕ ಸಿಡಿಮಿಡಿಗೊಂಡು ಆಕ್ಸಿಜನ್ ಮಾಸ್ಕ್ ತರಿಸಿ ಮೂಗು ಬಾಯಿ ಮುಚ್ಚಿಸಿದ. ಅಂದಿನಿಂದ ಅವಳದು ಅಂತ ಜನರಿಗೆ ಕಾಣುತ್ತಿದ್ದದ್ದು ಹೊದಿಕೆಯ ಮೇಲಿಟ್ಟ ಬಲಗೈ ಒಂದೇ. ಗಂಡನ ಯೂನಿಫಾರ್ಮಿಗೆ ಇಸ್ತ್ರಿ ಮಾಡುವಾಗ ಸುಟ್ಟು ಆದ ಎಲೆಯಂಥ ಕಲೆಯೊಂದು ಆ ಕೈಯ ಮೇಲಿತ್ತು. ಪ್ರತಿ ವಾರ ಕಂತು ಮುಗಿಯುವಾಗ ಕ್ಯಾಮೆರಾ ಆ ಕೈಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಈಗ ಅಲ್ಲಾಡೀತು, ಆಗ ಅಲ್ಲಾಡೀತು ಎಂದು ಮನೆಮನೆಯಲ್ಲಿ ಉಸಿರು ಬಿಗಿ ಹಿಡಿದು ಕೂರುತ್ತಿದ್ದರು. ಮುಖ ಕಂಡು ಯಾರೂ ಗುರುತಿಸದ ಹೆಂಗಸನ್ನು ಸಂತೆಯಲ್ಲಿ ಕೈ ನೋಡಿ ಗುರುತಿಸುತ್ತಿದ್ದರು. "ಅಯ್ಯೋ ದೊಡ್ಡಮ್ಮಾ, ಸಾಕು ಏಳಿ ಇನ್ನ! ಮನೆ ಹಾಳಾಗ್ತಾ ಇದೆ!" ಎಂದು ತರಕಾರಿಯವಳು ತೂಕಕ್ಕೆ ಮೇಲೊಂದು ಬದನೆಕಾಯಿ ಹಾಕುತ್ತಿದ್ದಳು.

ಇನ್ನೊಂದು ವಿಚಿತ್ರವನ್ನು ಹೇಳಲೇಬೇಕು. ಧಾರಾವಾಹಿಯಲ್ಲಿ ಯಾರಿಗೆ ಏನು ಗುಟ್ಟಿದ್ದರೂ ಬಂದು ದೊಡ್ಡಮ್ಮನ ಕಿವಿಯಲ್ಲಿ ಹೇಳಬೇಕು. ಅದು ಆ ಕಥೆಯ ರೂಢಿ. ಮೈದುನ ಬಂದು ಕೂಸಿನ ಗುಟ್ಟು ಹೇಳುವನು, ನಡುವಿನ ಸೊಸೆ ಬಂದು ಗಂಡನ ಮೇಲಿನ ಅನುಮಾನ ಹೇಳುವಳು. ಹೇಳಿ ಹೇಳಿ ನಟರಿಗೂ ಅದೇ ಚಾಳಿ ಬಿತ್ತು. ಟೀ ಬಿಡುವಿನಲ್ಲಿ ಅವಳು ಕಣ್ಣು ಮುಚ್ಚಿ ಮಲಗಿದ್ದರೆ ಸಾಕು, ಒಬ್ಬರಲ್ಲ ಒಬ್ಬರು ಬಂದು ಮಂಚದ ತುದಿಗೆ ಕೂರುತ್ತಿದ್ದರು. ಪರದೆಯ ಮೇಲೆ ಊರನ್ನೇ ನಡುಗಿಸುವ ಮೈದುನ, "ಅಕ್ಕಾ, ಹೆಂಡತಿ ಮಾತು ಬಿಟ್ಟಿದ್ದಾಳೆ, ಊಟ ಟೇಬಲ್ ಮೇಲಿಟ್ಟು ಹೋಗ್ತಾಳೆ" ಎಂದು ಮೂಗೊರೆಸಿಕೊಳ್ಳುತ್ತಿದ್ದ. ನಿರ್ದೇಶಕನೂ ಬರುತ್ತಿದ್ದ, ಚಾನಲ್ಲಿನವರು ತನಗೆ ಹೇಗೆಲ್ಲ ಉಗಿದರು ಎಂದು ಹೇಳಿಕೊಂಡು ಹಗುರಾಗಿ ಹೋಗುತ್ತಿದ್ದ. ಎಲ್ಲರ ಕಸವನ್ನೂ ಸುರಿಸಿಕೊಳ್ಳಲು ಅವಳ ಕಿವಿ ಬೇಕಿತ್ತು. ಅವಳಿಗೂ ಏನಾದರೂ ಹೇಳುವುದಿದೆಯೇ ಎಂದು ಒಬ್ಬನಾದರೂ ಕೇಳಲಿಲ್ಲ.

ಅವಳು ಸಹಿಸಿದ್ದು ಒಂದೇ ಒಂದು ಮಾತಿಗಾಗಿ. ಮಲಗಿಸಿದ ಹೊಸತರಲ್ಲೇ ನಿರ್ದೇಶಕ ಮೂಗಿಗೆ ತುಪ್ಪ ಸವರಿದ್ದ: "ಅಮ್ಮಾ, ದೊಡ್ಡಮ್ಮ ಒಂದು ದಿನ ಏಳಲೇಬೇಕು. ಎದ್ದು ಕೂತು, ತುಂಬಿದ ಮನೆ ಮುಂದೆ ಮೈದುನನ ಬಣ್ಣ ಬಯಲು ಮಾಡ್ತಾಳೆ. ಆ ಮಾತು ಊರಿಗೆ ಊರೇ ಕೇಳುತ್ತೆ. ಅದು ನಿಮ್ಮದೇ." ಮಾತು ಏನೆಂದೂ ಹೇಳಿಕೊಟ್ಟಿದ್ದ. ಅವಳು ಅದನ್ನು ಅಂದೇ ಬಾಯಿಪಾಠ ಮಾಡಿದಳು.

ಮನೆಯಲ್ಲಿ ತಾಲೀಮು ನಡೆಯುತ್ತಿತ್ತು. ಪಾತ್ರೆ ತೊಳೆಯುತ್ತ ಅವಳು ದೊಡ್ಡಮ್ಮ, ಹೊಸ್ತಿಲ ಮೇಲೆ ಕಾಲು ಚಾಚಿ ಕೂತು ಅತ್ತೆಯೇ ಮೈದುನ. "ಅತ್ತಿಗೆ... ನೀವು... ನೀವು ಎದ್ರಾ?" ಎಂದು ಅತ್ತೆ ಗಂಡುದನಿ ಮಾಡಿ ನಡುಗುತ್ತಿದ್ದರು. ಸೊಸೆ ಸೌಟು ಎತ್ತಿ ಶುರು ಮಾಡುತ್ತಿದ್ದಳು: "ಇಷ್ಟು ವರ್ಷ ನೀವೆಲ್ಲ ಮಾತಾಡಿದ್ರಿ, ನಾನು ಕೇಳಿದೆ..." ಆ ದನಿ ಗೋಡೆ ದಾಟುತ್ತಿತ್ತು. ಹೊಸದಾಗಿ ಬಾಡಿಗೆಗೆ ಬಂದ ಹಿಂದಿನ ಮನೆಯವರು 'ಕೂಸು ಕದ್ದ ಪಾಪಿ ನೀನೇ!' ಎಂಬ ಕೂಗು ಕೇಳಿ, ಅತ್ತೆ ಸೊಸೆ ಕೊರಳಪಟ್ಟಿ ಹಿಡಿದಿದ್ದಾರೆಂದು ಬಿಡಿಸಲು ಓಡಿ ಬಂದಿದ್ದರು. ಅತ್ತೆ ಬಂದವರ ಮುಂದೆಯೇ ಸಾರಿದರು: "ನನ್ನ ಸೊಸೆ ಟಿವೀಲಿ ಮಾತಾಡೋದನ್ನ ಕೇಳಬೇಕು. ಕೇಳದೆ ನಾನಂತೂ ಸಾಯಲ್ಲ."

ಬೇಗ ಮಾತಾಡಿಬಿಟ್ಟರೆ ಅತ್ತೆ ಹೋಗಿಬಿಟ್ಟಾರು ಎಂಬ ನೆಪದಲ್ಲಾದರೂ ಅವಳು ಅಷ್ಟು ವರ್ಷ ತಾಳಿಕೊಂಡಳು ಅನ್ನಿ.

ಒಂದು ಸಂಜೆ ಅವಳು ಕೆಲಸ ಮುಗಿಸಿ ಬಂದರೆ ಅತ್ತೆ ಟಿವಿಯ ಮುಂದೆ ನಿಂತೇ ಇದ್ದರು. "ಇದ್ಯಾರೇ ಇವಳು? ನಿನ್ನ ಹಾಸಿಗೆ ಮೇಲೆ ಕೂತಿದ್ದಾಳಲ್ಲ?"

ಜಾಹೀರಾತು ಮತ್ತೆ ಬಂತು. ಅದೇ ಮಂಚ, ಅದೇ ಹೊದಿಕೆ, ಅವಳು ಮನೆಗೆ ಹೋದ ಮೇಲೆ ರಾತ್ರಿ ತೆಗೆದದ್ದಿರಬೇಕು. ಎದ್ದು ಕೂತವಳು ಮಾತ್ರ ಒಂದು ಕಾಲದಲ್ಲಿ ಸಿನಿಮಾಗಳಲ್ಲಿ ಮೆರೆದ ತಾರೆ. ಹನ್ನೊಂದು ವರ್ಷ ಮಲಗಿದವಳ ಕೂದಲು ಈಗಷ್ಟೇ ಬಾಚಿಟ್ಟ ಹಾಗೆ ಹೊಳೆಯುತ್ತಿತ್ತು. 'ಬರುವ ವಾರ, ದೊಡ್ಡಮ್ಮ ಏಳುತ್ತಾಳೆ!' ಎಂದು ಯಾವನೋ ಅರಚಿದ. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಮಂಚದ ಮೇಲೆಯೇ ಮಲಗಿ ಬಂದವಳಿಗೆ ಒಂದು ಮಾತು ಹೇಳುವ ಮರ್ಯಾದೆ ಯಾರಿಗೂ ಇರಲಿಲ್ಲ. ಅವಳು ಚಪ್ಪಲಿ ಬಿಡುವುದನ್ನೂ ಮರೆತು ಗೋಡೆಗೊರಗಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇದು ಬಾಯಿಯನ್ನೇ ಕಿತ್ತುಕೊಂಡ ಹಾಗಾಗಿತ್ತು.

ಮರುದಿನ ಅವಳು ನೇರವಾಗಿ ನಿರ್ದೇಶಕನ ಕೋಣೆಗೆ ಹೋದಳು.

"ನನ್ನ ಕೈಲಿ ಏನಿದೆ ಅಮ್ಮಾ? ಚಾನಲ್‌ನೋರ ತೀರ್ಮಾನ" ಎಂದು ಅವನು ಫೋನು ನೋಡುತ್ತಲೇ ಹೇಳಿದ.

"ಆ ಮಾತು ನನ್ನದೇ ಅಂದಿದ್ರಿ ಸಾರ್."

"ಅಂದಿದ್ದೆ. ಆದ್ರೆ ನಿಮ್ಮ ಮುಖ ಯಾರಿಗೆ ನೆನಪಿದೆ ಹೇಳಿ? ಬೀಳೋ ಮುಂಚೆ ಎರಡು ಸೀನಲ್ಲಿ ಕಂಡಿದ್ದು. ಆಮೇಲೆಲ್ಲ ಮಾಸ್ಕು."

"ಮಾಸ್ಕ್ ಹಾಕಿಸಿದ್ದು ಯಾರು ಸಾರ್?"

ಅವನು ಫೋನು ಕೆಳಗಿಟ್ಟ. ಗಂಟಲು ಸರಿ ಮಾಡಿಕೊಂಡು ಬೇರೆಯದೇ ರಾಗ ಎಳೆದ. ದೊಡ್ಡಮ್ಮ ಕಣ್ಣು ಬಿಡುವ ಮೊದಲು ಬೆರಳು ಅಲ್ಲಾಡಬೇಕು. ಮುಖ ಬದಲಾದರೆ ಜನ ಸಹಿಸಿಕೊಳ್ಳುತ್ತಾರೆ, ಕೈ ಬದಲಾದರೆ ಬಿಡುವುದಿಲ್ಲ. ಆ ಕೈ ಎಲ್ಲರಿಗೂ ಗೊತ್ತು. "ಅದೊಂದು ಶಾಟ್ ನಿಮ್ಮದೇ ಅಮ್ಮಾ. ಬೆರಳು ಅಲ್ಲಾಡಿಸಿ ಹೋಗಿಬಿಡಿ, ಆಮೇಲೆ ಅವರು ಬಂದು ಏಳ್ತಾರೆ." ಏನೋ ದೊಡ್ಡ ಉಪಕಾರ ಮಾಡುವವನ ಹಾಗೆ ಹೇಳಿದ. ನಾಚಿಕೆ ಮಾನ ಮರ್ಯಾದೆ ಒಂದನ್ನಾದರೂ ಉಳಿಸಿಕೊಂಡವನು ಈ ಮಾತು ಆಡುತ್ತಾನೆಯೇ? ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇವೆ. ಒದ್ದ ಏಣಿಗೇ ಇನ್ನೊಬ್ಬರನ್ನು ಹತ್ತಿಸಿಬಿಡು ಎನ್ನುವವನನ್ನು ಕಂಡದ್ದು ಇದೇ ಮೊದಲು.

ಅವಳು "ಆಗಲಿ" ಅಂದಳು. ಅಷ್ಟೇ ಅಂದಳು.

ಶೂಟಿಂಗ್ ದಿನ ಮನೆ ತುಂಬ ಜನ. ತಾರೆ ದೊಡ್ಡ ಕನ್ನಡಿಯ ಮುಂದೆ ಕೂತು ಮೇಕಪ್ ಮಾಡಿಸಿಕೊಳ್ಳುತ್ತಿದ್ದಳು. ಮಾಸ್ಕ್ ಕೈಯಲ್ಲಿ ಹಿಡಿದು ಹೋಗುತ್ತಿದ್ದ ಮಲಗಮ್ಮನನ್ನು ಕನ್ನಡಿಯಲ್ಲೇ ಕಂಡು, "ಅಯ್ಯೋ, ಅಲ್ಲಿ ನಿಜವಾಗ್ಲೂ ಮನುಷ್ಯರು ಮಲಗ್ತಿದ್ರಾ? ನಾನು ಗೊಂಬೆ ಅಂದ್ಕೊಂಡಿದ್ದೆ" ಎಂದು ನಕ್ಕಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಕೆಟ್ಟ ಮನಸ್ಸಿನಿಂದ ಅಂದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಮಲಗಮ್ಮ ಹಾಸಿಗೆ ಏರಿ, ಮಾಸ್ಕ್ ಹಾಕಿಕೊಂಡು, ಬಲಗೈಯನ್ನು ಎಂದಿನಂತೆ ಹೊದಿಕೆಯ ಮೇಲಿಟ್ಟಳು. ಕ್ಯಾಮೆರಾ ಕೈಯ ಮೇಲೆ ಬಗ್ಗಿತು. "ಆ್ಯಕ್ಷನ್!"

ಬೆರಳು ಅಲ್ಲಾಡಲಿಲ್ಲ.

"ಅಮ್ಮಾ, ತೋರುಬೆರಳು. ಸ್ವಲ್ಪ. ಮತ್ತೆ, ಆ್ಯಕ್ಷನ್!"

ಅಲ್ಲಾಡಲಿಲ್ಲ. ಅಲ್ಲಾಡದಿರುವುದನ್ನು ಅವಳಿಗೆ ಹೊಸದಾಗಿ ಯಾರೂ ಕಲಿಸಬೇಕಾಗಿರಲಿಲ್ಲ. ನೊಣ ಬಂದು ಕಲೆಯ ಮೇಲೆಯೇ ಕೂತಿತು, ಆಗಲೂ ಅಲ್ಲಾಡಲಿಲ್ಲ. ನಿರ್ದೇಶಕ ಬೇಡಿದ, ಗದರಿದ, ಆರೋಗ್ಯ ಸರಿಯಿಲ್ಲವೇ ಎಂದು ಕೇಳಿದ. ಮ್ಯಾನೇಜರು ಬಂದು ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದ. ಲೈಟು ಹೊರುವವರು ಮುಖ ಮುಖ ನೋಡಿಕೊಂಡರು, ಒಬ್ಬ ನಗು ತಡೆಯಲಾರದೆ ಕೆಮ್ಮಿದ. ಒಳಗಿನಿಂದ ತಾರೆಯ ಸಹಾಯಕಿ ಎರಡು ಸಲ ಬಂದು, ಮೇಡಂ ಕಾಯುತ್ತಿದ್ದಾರೆ ಎಂದು ಹೇಳಿ ಹೋದಳು. ಮೇಡಂ ಕಾಯಲಿ. ಕಾಯುವುದು ಏನೆಂದು ಅವರಿಗೂ ಸ್ವಲ್ಪ ಗೊತ್ತಾಗಲಿ.

ಕೊನೆಗೆ ನಿರ್ದೇಶಕ ಎಲ್ಲರನ್ನೂ ಟೀಗೆ ಕಳಿಸಿದ. ಯಾರೂ ದೂರ ಹೋಗಲಿಲ್ಲ, ಹಲಗೆಯ ಗೋಡೆಯ ಆಚೆಗೇ ಲೋಟ ಹಿಡಿದು ನಿಂತರು. ಅವನು ಬಂದು ಮಂಚದ ತುದಿಗೆ ಕೂತ. ಮುಚ್ಚಿದ ಕಣ್ಣುಗಳು, ಮಾಸ್ಕು, ಬಿಳಿ ಹೊದಿಕೆ. ವರ್ಷಗಳ ಚಾಳಿ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅವನ ಬಾಯಿ ತಾನಾಗಿ ಬಿಚ್ಚಿಕೊಂಡಿತು.

"ಅಮ್ಮಾ, ನಿಮ್ಮ ಹತ್ರ ಸುಳ್ಳು ಯಾಕೆ? ಚಾನಲ್‌ನೋರು ಮೊದಲು ನಿಮ್ಮನ್ನೇ ಇಟ್ಕೊಳ್ಳಿ ಅಂದಿದ್ರು. ನಾನೇ ಬೇಡ ಅಂದೆ. ಭಯ ಆಯ್ತು. ಇಷ್ಟು ವರ್ಷ ಬಾಯೇ ಬಿಡದೆ ಇರೋರು, ಅಷ್ಟು ದೊಡ್ಡ ಮಾತನ್ನ ಹೇಗೆ ಹೇಳ್ತಾರೆ? ಕ್ಯಾಮೆರಾ ಮುಂದೆ ಇವರ ದನಿ ಹೇಗಿರುತ್ತೋ ಏನೋ ಅಂತ..."

ಬೆರಳು ಅಲ್ಲಾಡಿತು. ಬೆರಳಷ್ಟೇ ಅಲ್ಲ, ಕೈಯೇ ಎದ್ದು ಮಾಸ್ಕ್ ಕಿತ್ತು ಪಕ್ಕಕ್ಕೆ ಎಸೆಯಿತು. ಮಲಗಮ್ಮ ಎದ್ದು ಕೂತಳು. ಮುಖ ಕೆಂಪಾಗಿತ್ತು, ಕೆನ್ನೆಯ ಮೇಲೆ ಮಾಸ್ಕಿನ ಗೀರು ಹಾಗೇ ಇತ್ತು.

"ನನ್ನ ದನಿ ಹೇಗಿದೆ ಅಂತ ಒಂದು ದಿನ ಕೇಳಿದ್ರಾ ಸಾರ್?"

ಅವಳು ಕೂಗಲಿಲ್ಲ. ಬಸ್ ನಿಲ್ದಾಣದ ಗದ್ದಲವನ್ನೆಲ್ಲ ಒಂದೇ ಮಾತಿಗೆ ಸುಮ್ಮನಾಗಿಸುತ್ತಿದ್ದ ದನಿ ಅದು, ಕೂಗುವ ಅಗತ್ಯವಿರಲಿಲ್ಲ. ಹಲಗೆಯ ಗೋಡೆಯಾಚೆ ಟೀ ಹೀರುವ ಸದ್ದು ನಿಂತಿತು. ಮೇಕಪ್ ಕೋಣೆಯಲ್ಲಿ ಯಾರದೋ ಕೈಯಿಂದ ಬಾಚಣಿಗೆ ಬಿತ್ತು. ನಿರ್ದೇಶಕ ಆ ದನಿಗೆ ನಿಜವಾಗಿ ಕಿವಿಗೊಟ್ಟದ್ದು ಅದೇ ಮೊದಲು, ಕಿವಿಗೊಟ್ಟ ಕೂಡಲೇ ತಾನು ಕಳೆದುಕೊಂಡದ್ದೇನೆಂದು ಅವನ ಮುಖದ ಮೇಲೆ ಬರೆದ ಹಾಗಿತ್ತು.

"ಅಮ್ಮಾ, ಇದು... ಹೀಗೆ ಅಂತ ಗೊತ್ತಿದ್ರೆ... ಇರಿ, ಈಗಲೇ ಫೋನ್ ಮಾಡ್ತೀನಿ..."

"ಬೇಡ. ನಿಮ್ಮ ಕೂಸು ನೀವೇ ಆಡಿಸ್ಕೊಳ್ಳಿ. ನನ್ನ ಕೈ ನನ್ನ ಜೊತೆ ಬರುತ್ತೆ."

ಅವಳು ಇಳಿದಳು. ದಿನಾ ಹೋಗುವಾಗ ಹೊದಿಕೆ ಮಡಿಸಿಟ್ಟು ಹೋಗುವ ಅಭ್ಯಾಸ ಅವಳದು. ಅಂದು ಅದು ಅರ್ಧ ನೆಲಕ್ಕೆ ಜೋತುಬಿದ್ದಿತ್ತು, ಹಾಗೇ ಬಿಟ್ಟಳು. ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಮೈದುನ ಎದ್ದು ನಿಂತ, ಅವಳು ಗೇಟು ದಾಟುವವರೆಗೂ ನಿಂತೇ ಇದ್ದ. ಮಿಕ್ಕವರು ಲೋಟದ ಟೀ ನೋಡುತ್ತಿದ್ದರು.

ಆಮೇಲೆ ಯಾರೂ ಅವಳನ್ನು ಹುಡುಕಿಕೊಂಡು ಬರಲಿಲ್ಲ. ಬರುತ್ತಾರೆ, ತಪ್ಪಾಯಿತು ಎನ್ನುತ್ತಾರೆ ಎಂದು ಕಾದವರಿದ್ದರೆ ಅವರು ಧಾರಾವಾಹಿ ಹೆಚ್ಚು ನೋಡಿದವರು.

ದೊಡ್ಡಮ್ಮ ಏಳುವ ಸಂಜೆ ಅತ್ತೆ ಟಿವಿ ಹಾಕಬಾರದು ಎಂದು ಅವಳು ಹೇಳಿದಳು. ಅತ್ತೆ ಕೇಳಲಿಲ್ಲ. ಕೇಳದೆ ಹೋದದ್ದಷ್ಟೇ ಅಲ್ಲ, ಬಡಗಿಯನ್ನೂ ತರಕಾರಿಯವಳನ್ನೂ ಹಿಂದಿನ ಮನೆಯವರನ್ನೂ ಕರೆಸಿ ಕೂರಿಸಿದ್ದರು. ಅವಳು ಸಿಟ್ಟಿನಿಂದ ಅಡುಗೆಮನೆ ಸೇರಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಪರದೆಯ ಮೇಲೆ ಬಿಳಿ ಹೊದಿಕೆ ಬಂತು, ಕೈ ಬಂತು.

"ಇದು ನಮ್ಮಕ್ಕನ ಕೈಯಲ್ಲ!" ಬಡಗಿ ಎದ್ದೇಬಿಟ್ಟ. "ಕಲೆ ನೋಡಿ, ಬಣ್ಣ ಬಳಿದಿದ್ದಾರೆ!"

"ಕೈನೂ ಕದ್ರಲ್ಲ, ಇವರ ಮನೆ ಹಾಳಾಗ!" ಎಂದಳು ತರಕಾರಿಯವಳು.

ಬಣ್ಣದ ಕೈ ಅಲ್ಲಾಡಿತು. ತಾರೆ ಕಣ್ಣು ಬಿಟ್ಟಳು, ಎದ್ದು ಕೂತಳು. ಮನೆಮಂದಿಯೆಲ್ಲ ಬಾಯಿ ಬಿಟ್ಟು ನಿಂತರು, ಮೈದುನ ಹೆಜ್ಜೆ ಹಿಂದಿಟ್ಟ. ತಾರೆ ಬಾಯಿ ತೆರೆಯುವುದಕ್ಕೂ ಅತ್ತೆ ರಿಮೋಟಿನ ಗುಂಡಿ ಒತ್ತುವುದಕ್ಕೂ ಸರಿಹೋಯಿತು. ಟಿವಿಯ ದನಿ ಅಡಗಿತು. ತಾರೆಯ ಕೆಂಪು ತುಟಿಗಳು ಸದ್ದಿಲ್ಲದೆ ಆಡತೊಡಗಿದವು.

ಅತ್ತೆ ಅಡುಗೆಮನೆಯ ಕಡೆ ತಿರುಗಿ ಕೂತರು. ಹಲ್ಲು ಅರ್ಧ ಉದುರಿದ ಬಾಯಲ್ಲಿ ಗಂಡುದನಿ ತಂದುಕೊಂಡರು. ಈ ಸಲ ದನಿ ನಿಜವಾಗಿಯೂ ನಡುಗುತ್ತಿತ್ತು.

"ಅತ್ತಿಗೆ... ನೀವು... ನೀವು ಎದ್ರಾ?"

ಪಾತ್ರೆಯ ಸದ್ದು ನಿಂತಿತು. ಸೊಸೆ ಬಾಗಿಲಿಗೆ ಬಂದಳು. ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಒಮ್ಮೆ ಅತ್ತೆಯ ಮುಖ ನೋಡಿದಳು, ಒಮ್ಮೆ ಆ ಮೂಕ ಪರದೆಯನ್ನು. ಕೂತಿದ್ದವರೆಲ್ಲ ಟಿವಿಗೆ ಬೆನ್ನು ಹಾಕಿ ಅವಳ ಕಡೆ ತಿರುಗಿದ್ದರು.

"ಇಷ್ಟು ವರ್ಷ ನೀವೆಲ್ಲ ಮಾತಾಡಿದ್ರಿ, ನಾನು ಕೇಳಿದೆ. ಈಗ ನಾನು ಮಾತಾಡ್ತೀನಿ. ಬಾಯಿ ಮುಚ್ಕೊಂಡು ಕೇಳಿ."